ಜೂನ್ ತಿಂಗಳ 9 ದಿನ: ಆರ್ ಭಾಷೆಯಲ್ಲಿ ಡೇಟಾ ನೋಡುವ ಬಗೆ

ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಇನ್‌ಸ್ಟಾಲ್ ಮಾಡಿದರೆ ಅದರ ಜೊತೆಗೆ ಒಂದಷ್ಟು ಟೇಬಲ್‌ಗಳೂ ಬಂದುಬಿಡುತ್ತವೆ. ಕಲಿಯುವವರು ಕೈಯಾಡಿಸಲಿ ಎಂದು ಇಟ್ಟಿರುವುದು. ಅವುಗಳಲ್ಲಿ ಒಂದರ ಹೆಸರು ಏರ್‌ಕ್ವಾಲಿಟಿ. 1973ರ ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ನ್ಯೂಯಾರ್ಕ್‌ನಲ್ಲಿ ದಿನದಿನವೂ ಅಳೆದ ಲೆಕ್ಕ ಅದು. ಒಟ್ಟು 153 ದಿನ, ಅಂದರೆ 153 ಸಾಲು. ಕಾಲಂಗಳು 6: ಓಝೋನ್, ಬಿಸಿಲು, ಗಾಳಿಯ ವೇಗ, ತಾಪಮಾನ, ತಿಂಗಳು, ದಿನ.

ಈ ಲೇಖನದಲ್ಲಿ ಈ ಒಂದೇ ಟೇಬಲ್ ಹಿಡಿದುಕೊಂಡು ಒಂದೇ ಪ್ರಶ್ನೆ ಕೇಳೋಣ. ಯಾವ ತಿಂಗಳು ಓಝೋನ್ ಜಾಸ್ತಿ ಇತ್ತು? ಕೇಳಲು ಸುಲಭ. ಉತ್ತರವೂ ಬೇಗ ಸಿಗುತ್ತದೆ. ಆದರೆ ಆ ಉತ್ತರವನ್ನು ನಂಬಬಹುದಾ ಎಂದು ನೋಡುವ ಹೊತ್ತಿಗೆ ಆರ್‌ನ ಮುಕ್ಕಾಲು ಪಾಲು ಕೆಲಸ ಕಲಿತಿರುತ್ತೀರಿ.

ಮೊದಲು ಒಂದು ಸಂಶಯ ಮುಗಿಸಿಬಿಡೋಣ. ಇದನ್ನೆಲ್ಲ ಎಕ್ಸೆಲ್‌ನಲ್ಲೇ ಮಾಡಬಹುದಲ್ವಾ? ಮಾಡಬಹುದು. ಒಂದು ಸಲ ಮಾಡಿ ಮರೆತುಬಿಡುವ ಕೆಲಸಕ್ಕೆ ಅದೇ ಸಾಕು. ನಾನು ಒಮ್ಮೆ ಒಂದು ಶೀಟಿನಲ್ಲಿ ಒಂದೇ ಕಾಲಂ ಆರಿಸಿ ಸಾರ್ಟ್ ಒತ್ತಿದೆ. ಆ ಕಾಲಂ ಮಾತ್ರ ಅದಲು ಬದಲಾಯಿತು, ಪಕ್ಕದವು ಇದ್ದಲ್ಲೇ ಉಳಿದವು. ಒಬ್ಬರ ಅಂಕಿ ಇನ್ನೊಬ್ಬರ ಹೆಸರಿನ ಮುಂದೆ. ಗೊತ್ತಾಗಲು ಮೂರು ದಿನ ಬೇಕಾಯಿತು, ಯಾಕೆಂದರೆ ನಾನು ಏನು ಒತ್ತಿದೆ ಎಂಬುದಕ್ಕೆ ಎಲ್ಲೂ ಗುರುತಿರಲಿಲ್ಲ. ಆರ್‌ನಲ್ಲಿ ಮಾಡಿದ್ದೆಲ್ಲ ಸ್ಕ್ರಿಪ್ಟ್‌ನಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ಮೂಲ ಫೈಲನ್ನು ಯಾರೂ ಮುಟ್ಟುವುದಿಲ್ಲ. ತಪ್ಪು ಮಾಡಿದರೂ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು.

ಇನ್‌ಸ್ಟಾಲ್ ಮಾಡುವಾಗ ಎರಡು ವಸ್ತು ಬೇಕು. ಮೊದಲು ಆರ್, ಆಮೇಲೆ ಆರ್‌ಸ್ಟುಡಿಯೋ. ಲೆಕ್ಕ ಮಾಡುವುದು ಆರ್. ಆರ್‌ಸ್ಟುಡಿಯೋ ಬರೀ ಬರೆಯಲು, ನೋಡಲು ಅನುಕೂಲವಾದ ಕಿಟಕಿ. ಎರಡೂ ಉಚಿತ. ಆರ್‌ಸ್ಟುಡಿಯೋ ಮಾತ್ರ ಹಾಕಿಕೊಂಡು "ಏನೂ ನಡೀತಿಲ್ಲ" ಎನ್ನುವವರು ಬಹಳ ಜನ.

ಭಾಷೆಯ ಹುಟ್ಟಿನ ಬಗ್ಗೆ ಸ್ವಲ್ಪ ತಿಳಿದರೆ ಅದರ ಸ್ವಭಾವ ಅರ್ಥವಾಗುತ್ತದೆ. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಜೊತೆಗಾರರು ಎಸ್ ಎಂಬ ಭಾಷೆ ಶುರು ಮಾಡಿದರು. ಒಂದು ಸಾಲು ಬರೆದರೆ ಕೂಡಲೇ ಉತ್ತರ ಕಾಣಬೇಕು, ಅದನ್ನು ನೋಡಿ ಮುಂದಿನ ಸಾಲು ಬರೆಯಬೇಕು ಎಂಬುದು ಅದರ ಗುಣ. 1990ರ ದಶಕದ ಶುರುವಿನಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಅದೇ ಗುಣದ ಹೊಸ ಭಾಷೆ ಕಟ್ಟಿದರು. ಇಬ್ಬರ ಹೆಸರಿನ ಮೊದಲ ಅಕ್ಷರವೂ ಆರ್, ಅದು ಎಸ್‌ಗೆ ಹಿಂದಿನ ಅಕ್ಷರವೂ ಹೌದು. ಆವೃತ್ತಿ 1.0.0 ಬಂದಿದ್ದು 2000ದ ಫೆಬ್ರವರಿ 29ರಂದು. ಹಾಗಾಗಿ ಅದರ ಹುಟ್ಟುಹಬ್ಬ ನಾಲ್ಕು ವರ್ಷಕ್ಕೊಮ್ಮೆ.

ಒಂದು ಸಾಲು ಬರೆ, ನೋಡು, ಮತ್ತೆ ಬರೆ. ಈ ಲಯ ಹಿಡಿದರೆ ಆರ್ ಕಷ್ಟವಲ್ಲ. ಪುಟಗಟ್ಟಲೆ ಕೋಡ್ ಬರೆದು ಕೊನೆಗೆ ಒಮ್ಮೆಲೇ ಓಡಿಸುವ ಅಭ್ಯಾಸವಿದ್ದವರಿಗೇ ಇದು ಜಾಸ್ತಿ ತೊಂದರೆ ಕೊಡುತ್ತದೆ.

ಸರಿ, ಟೇಬಲ್‌ಗೆ ಬರೋಣ. ಹೊಸ ಟೇಬಲ್ ಕೈಗೆ ಬಂದಾಗ ಮೊದಲು ಲೆಕ್ಕ ಮಾಡಬಾರದು, ಸುಮ್ನೆ ನೋಡಬೇಕು. ಹೆಡ್ ಎಂಬ ಫಂಕ್ಷನ್, ಅಂದರೆ ಹೆಸರಿಟ್ಟ ಒಂದು ಸಿದ್ಧ ಆದೇಶ, ಮೊದಲ 6 ಸಾಲು ತೋರಿಸುತ್ತದೆ. ಸಮ್ಮರಿ ಎಂಬುದು ಪ್ರತಿ ಕಾಲಂನ ಜಾತಕ ಬಿಚ್ಚಿಡುತ್ತದೆ. ಓಝೋನ್ ಕಾಲಂಗೆ ಅದು ಹೇಳುವುದಿಷ್ಟು: ಅತಿ ಕಡಿಮೆ 1, ಮೀಡಿಯನ್ 31.5, ಸರಾಸರಿ 42.13, ಅತಿ ಹೆಚ್ಚು 168, ಎನ್‌ಎ 37.

ಇಷ್ಟರಲ್ಲೇ ಎರಡು ಸುದ್ದಿ ಇದೆ. ಮೀಡಿಯನ್ ಅಂದರೆ ದಿನಗಳನ್ನೆಲ್ಲ ಸಾಲಾಗಿ ನಿಲ್ಲಿಸಿದಾಗ ನಡುವೆ ಬರುವ ಅಂಕಿ. ಸರಾಸರಿ ಅದಕ್ಕಿಂತ 10ಕ್ಕೂ ಹೆಚ್ಚು ಮೇಲಿದೆ. ಅಂದರೆ ಕೆಲವೇ ದಿನಗಳ ಭಾರಿ ಅಂಕಿ ಸರಾಸರಿಯನ್ನು ಮೇಲಕ್ಕೆ ಎಳೆದಿದೆ. ಎರಡನೆಯದು ಆ ಕೊನೆಯ 37. ಅಷ್ಟು ದಿನ ಓಝೋನ್ ಅಂಕಿಯೇ ಇಲ್ಲ. ಎನ್‌ಎ ಅಂದರೆ "ಅಂಕಿ ಇಲ್ಲ" ಎಂಬ ಗುರುತು. ಸೊನ್ನೆಯಲ್ಲ, ಖಾಲಿ ಅಕ್ಷರವೂ ಅಲ್ಲ.

ಎನ್‌ಎ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು. ಹೊಸಬರನ್ನು ಆರ್ ಅತಿ ಹೆಚ್ಚು ಕಾಡಿಸುವುದು ಇಲ್ಲೇ. ಓಝೋನ್ ಕಾಲಂನ ಸರಾಸರಿ ಕೇಳಿ, ಉತ್ತರ ಎನ್‌ಎ ಎಂದು ಬರುತ್ತದೆ. 116 ದಿನದ ಅಂಕಿ ಇದ್ದರೂ ಸರಾಸರಿ ಹೇಳುವುದಿಲ್ಲ! ಮೊಂಡುತನ ಅನ್ನಿಸುತ್ತದೆ. ಆದರೆ ಅದರ ವಾದ ಸರಿಯಾಗಿದೆ. 37 ದಿನ ಎಷ್ಟಿತ್ತೋ ಗೊತ್ತಿಲ್ಲ, ಹಾಗಿದ್ದಮೇಲೆ 153 ದಿನದ ಸರಾಸರಿಯೂ ಗೊತ್ತಿಲ್ಲ. ಇದೇ ಕಾರಣಕ್ಕೆ ಎನ್‌ಎಗೆ 1 ಕೂಡಿಸಿದರೂ ಎನ್‌ಎ. ಇನ್ನೂ ವಿಚಿತ್ರ ಅಂದರೆ, ಎನ್‌ಎ == ಎನ್‌ಎ ಎಂದು ಕೇಳಿದರೂ ಹೌದು ಎನ್ನುವುದಿಲ್ಲ, ಎನ್‌ಎ ಎನ್ನುತ್ತದೆ. ಗೊತ್ತಿಲ್ಲದ ಎರಡು ಅಂಕಿ ಒಂದೇನಾ ಎಂದು ಕೇಳಿದರೆ ನೀವಾದರೂ ಏನು ಹೇಳುತ್ತೀರಿ? ಹಾಗಾಗಿ ಖಾಲಿ ಜಾಗ ಹುಡುಕಲು ಇಸ್.ಎನ್‌ಎ ಎಂಬ ಬೇರೆ ಫಂಕ್ಷನ್ ಇದೆ.

"ಇರುವ ದಿನಗಳದ್ದು ಮಾತ್ರ ಲೆಕ್ಕ ಹಾಕು" ಎಂದು ನಾವೇ ಬಾಯಿಬಿಟ್ಟು ಹೇಳಿದರೆ ಆರ್ 42.13 ಕೊಡುತ್ತದೆ. ಹೇಳುವ ಹೊಣೆ ನಮ್ಮದು. ಎಲ್ಲ ಕಡೆಯೂ ಇಷ್ಟು ಕಟ್ಟುನಿಟ್ಟಾಗಿರುತ್ತದೆ ಎಂದುಕೊಳ್ಳಬೇಡಿ. ಓಝೋನ್ 50ಕ್ಕಿಂತ ಹೆಚ್ಚಿರುವ ಸಾಲು ಆರಿಸು ಎಂದು ಡಿಪ್ಲೈಆರ್‌ನ ಫಿಲ್ಟರ್‌ಗೆ ಹೇಳಿದರೆ ಎನ್‌ಎ ಇರುವ ಸಾಲುಗಳನ್ನೂ ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ಡಿಪ್ಲೈಆರ್ ಒಂದು ಪ್ಯಾಕೇಜ್. ಆರ್‌ಗೆ ಹೀಗೆ ಬೇರೆಯವರು ಬರೆದು ಸೇರಿಸಿರುವ ಪ್ಯಾಕೇಜ್‌ಗಳು 20,000ಕ್ಕೂ ಹೆಚ್ಚಿವೆ. ಅವೆಲ್ಲ ಕ್ರ್ಯಾನ್ ಎಂಬ ಒಂದೇ ಭಂಡಾರದಿಂದ ಸಿಗುತ್ತವೆ. ಗಾಬರಿ ಬೇಡ, ಶುರುವಿಗೆ ಎರಡು ಸಾಕು. ಟೇಬಲ್ ತಿರುಗಿಸಿ ಮುರುಗಿಸಲು ಡಿಪ್ಲೈಆರ್, ಚಿತ್ರ ಬರೆಯಲು ಜಿಜಿಪ್ಲಾಟ್2. ಪ್ಯಾಕೇಜ್ ಇಲ್ಲದೆ ಬರಿಯ ಆರ್‌ನಲ್ಲೇ ಮೊದಲು ಕಲಿಯಬೇಕು ಎನ್ನುವ ಹಳಬರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೊದಲ ವಾರವೇ ಒಂದು ಒಳ್ಳೆಯ ಗ್ರಾಫ್ ಕಣ್ಣಿಗೆ ಬಿದ್ದರೆ ಎರಡನೇ ವಾರವೂ ಕೂರುವ ಮನಸ್ಸಾಗುತ್ತದೆ.

ಡಿಪ್ಲೈಆರ್‌ನಲ್ಲಿ ಮುಖ್ಯ ಕ್ರಿಯಾಪದಗಳು ಬೆರಳೆಣಿಕೆಯಷ್ಟು. ಫಿಲ್ಟರ್ ಸಾಲು ಆರಿಸುತ್ತದೆ. ಸೆಲೆಕ್ಟ್ ಕಾಲಂ ಆರಿಸುತ್ತದೆ. ಮ್ಯುಟೇಟ್ ಹೊಸ ಕಾಲಂ ಹುಟ್ಟಿಸುತ್ತದೆ, ಫ್ಯಾರನ್‌ಹೀಟ್ ಕಾಲಂನಿಂದ ಸೆಲ್ಸಿಯಸ್ ಕಾಲಂ ಮಾಡಿಕೊಂಡಂತೆ. ಅರೇಂಜ್ ಸಾಲುಗಳನ್ನು ಕ್ರಮವಾಗಿ ಜೋಡಿಸುತ್ತದೆ, ಇಡೀ ಸಾಲನ್ನೇ ಎತ್ತಿಡುತ್ತದೆ, ನನ್ನ ಹಳೇ ಸಾರ್ಟ್ ಥರ ಅಲ್ಲ. ಸಮರೈಸ್ ಬಹಳ ಸಾಲನ್ನು ಹಿಂಡಿ ಒಂದು ಸಾಲು ಮಾಡುತ್ತದೆ. ಗ್ರೂಪ್ ಬೈ ತಾನಾಗಿ ಏನೂ ಲೆಕ್ಕ ಮಾಡುವುದಿಲ್ಲ, "ಮುಂದಿನ ಕೆಲಸವನ್ನು ಗುಂಪು ಗುಂಪಾಗಿ ಮಾಡು" ಎಂದು ಗೆರೆ ಎಳೆದಿಡುತ್ತದೆ.

ಇವನ್ನು ಒಂದರ ಹಿಂದೆ ಒಂದು ಹೊಂದಿಸುವುದು ಹೇಗೆ? ಹಳೆಯ ರೀತಿಯಲ್ಲಿ ಬರೆದರೆ ಒಂದರ ಹೊಟ್ಟೆಯೊಳಗೆ ಇನ್ನೊಂದು ಹೋಗುತ್ತದೆ:

ಸಮರೈಸ್(ಗ್ರೂಪ್ ಬೈ(ಫಿಲ್ಟರ್(ಏರ್‌ಕ್ವಾಲಿಟಿ)))

ಮೊದಲು ನಡೆಯುವ ಕೆಲಸ ಎಲ್ಲಕ್ಕಿಂತ ಒಳಗೆ, ಕೊನೆಯ ಕೆಲಸ ಎಲ್ಲಕ್ಕಿಂತ ಮುಂದೆ. ಓದಲು ಒಳಗಿನಿಂದ ಹೊರಗೆ ಬರಬೇಕು. ಇದಕ್ಕೆ ಪರಿಹಾರ ಪೈಪ್ ಎಂಬ ಚಿಹ್ನೆ, |> ಎಂದು ಬರೆಯುತ್ತಾರೆ. ಎಡಗಡೆ ಇರುವುದನ್ನು ಬಲಗಡೆಯ ಕೆಲಸಕ್ಕೆ ದಾಟಿಸುತ್ತದೆ:

ಏರ್‌ಕ್ವಾಲಿಟಿ |> ಫಿಲ್ಟರ್ |> ಗ್ರೂಪ್ ಬೈ |> ಸಮರೈಸ್

ಟೈಪ್ ಮಾಡುವಾಗ ಫಂಕ್ಷನ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಪ್ರತಿಯೊಂದರ ಮುಂದೆ ಬ್ರಾಕೆಟ್‌ನಲ್ಲಿ ವಿವರ ಕೊಡಬೇಕು. ಆದರೆ ಕ್ರಮ ಗಮನಿಸಿ. ಟೇಬಲ್ ತಗೊಂಡು, ಬೇಕಾದ ಸಾಲು ಆರಿಸಿ, ತಿಂಗಳ ಪ್ರಕಾರ ಗುಂಪು ಮಾಡಿ, ಸರಾಸರಿ ತೆಗೆ. ಇದು ಶುದ್ಧ ಕನ್ನಡದ ವಾಕ್ಯ! ನಮ್ಮಲ್ಲಿ ವಸ್ತು ಮೊದಲು, ಕ್ರಿಯಾಪದ ಕೊನೆಗೆ. ತಗೊಂಡು, ಆರಿಸಿ, ಮಾಡಿ ಎಂದು ಕೊಂಡಿ ಹಾಕಿಕೊಂಡು ಎಷ್ಟು ದೂರ ಬೇಕಾದರೂ ಹೋಗುತ್ತೇವೆ. ಆ ಕೊಂಡಿಯೇ ನಮ್ಮ ಪೈಪ್. ನನಗೆ ಇದು ಹೊಳೆದ ಮೇಲೆ ಕೋಡ್ ಬರೆಯುವ ಮೊದಲು ಕನ್ನಡದಲ್ಲೇ ಒಂದು ಉದ್ದ ವಾಕ್ಯ ಗೀಚಿಕೊಳ್ಳುತ್ತೇನೆ. ವಾಕ್ಯ ತೊದಲಿದರೆ ಕೋಡೂ ತೊದಲುತ್ತದೆ.

ಹಳೆಯ ಪಾಠಗಳಲ್ಲಿ %>% ಎಂಬ ಇನ್ನೊಂದು ಪೈಪ್ ಕಾಣಬಹುದು. ಅದು ಮ್ಯಾಗ್ರಿಟರ್ ಎಂಬ ಪ್ಯಾಕೇಜಿನದು. |> ಆರ್‌ನ ಒಳಗೇ ಸೇರಿದ್ದು 2021ರಲ್ಲಿ, 4.1.0 ಆವೃತ್ತಿಯಿಂದ. ಈ ಲೇಖನದಲ್ಲಿರುವ ಕೆಲಸಕ್ಕೆ ಯಾವುದಾದರೂ ನಡೆಯುತ್ತದೆ.

ಒಂದು ಸಣ್ಣ ಎಚ್ಚರಿಕೆ. ಆರ್‌ನಲ್ಲಿ ಮೊದಲಿಂದಲೂ ಫಿಲ್ಟರ್ ಎಂಬ ಹೆಸರಿನ ಬೇರೆಯೇ ಫಂಕ್ಷನ್ ಒಂದಿದೆ. ಡಿಪ್ಲೈಆರ್ ಲೋಡ್ ಮಾಡಲು ಮರೆತು ಫಿಲ್ಟರ್ ಎಂದು ಬರೆದರೆ ಆ ಹಳೆಯದು ಓಡಿಬರುತ್ತದೆ, ಓಝೋನ್ ಎಂಬ ವಸ್ತುವೇ ಸಿಗಲಿಲ್ಲ ಎಂದು ಎರರ್ ಕೊಡುತ್ತದೆ. ಕಾಲಂ ಕಣ್ಣೆದುರೇ ಇರುತ್ತದೆ! ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವ ಮೊದಲು ಪ್ಯಾಕೇಜ್ ಲೋಡ್ ಆಗಿದೆಯಾ ನೋಡಿ.

ಈಗ ನಮ್ಮ ಪ್ರಶ್ನೆ. ಏರ್‌ಕ್ವಾಲಿಟಿ ತಗೊಂಡು, ತಿಂಗಳ ಪ್ರಕಾರ ಗುಂಪು ಮಾಡಿ, ಎನ್‌ಎ ಬಿಟ್ಟು ಓಝೋನ್ ಸರಾಸರಿ ತೆಗೆ. ಉತ್ತರ ಬಂತು: ಮೇ 23.62, ಜೂನ್ 29.44, ಜುಲೈ 59.12, ಆಗಸ್ಟ್ 59.96, ಸೆಪ್ಟೆಂಬರ್ 31.45. ಆಗಸ್ಟ್ ಗೆದ್ದಿತು, ಕೂದಲೆಳೆಯಷ್ಟು ಅಂತರದಲ್ಲಿ.

ಬಹಳಷ್ಟು ಜನ ಇಲ್ಲಿಗೆ ನಿಲ್ಲಿಸಿ ಒಂದು ಬಾರ್ ಚಾರ್ಟ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ನಾವು ಅದೇ ಸಮರೈಸ್‌ನಲ್ಲಿ ಇನ್ನೊಂದು ಕಾಲಂ ಕೇಳೋಣ. ಪ್ರತಿ ತಿಂಗಳೂ ಎಷ್ಟು ದಿನದ ಅಂಕಿ ಇತ್ತು? ಮೇ 26, ಜೂನ್ 9, ಜುಲೈ 26, ಆಗಸ್ಟ್ 26, ಸೆಪ್ಟೆಂಬರ್ 29.

ಜೂನ್ 9! 30 ದಿನದ ತಿಂಗಳಲ್ಲಿ 21 ದಿನ ಖಾಲಿ. ಒಟ್ಟು 37 ಖಾಲಿಗಳಲ್ಲಿ 21 ಇದೊಂದೇ ತಿಂಗಳದ್ದು. 29.44 ಎಂಬ ಅಂಕಿ ನೋಡಲು ಉಳಿದ ನಾಲ್ಕರಷ್ಟೇ ಗಟ್ಟಿಯಾಗಿದೆ, ಎರಡು ದಶಮಾಂಶವೂ ಇದೆ, ಆದರೆ ನಿಂತಿರುವುದು 9 ದಿನದ ಮೇಲೆ. ತಾಪಮಾನದ ಸರಾಸರಿಯನ್ನೂ ಪಕ್ಕದಲ್ಲಿಟ್ಟರೆ ಅನುಮಾನ ಇನ್ನೂ ಬಲವಾಗುತ್ತದೆ. ಜೂನ್ 79.1 ಡಿಗ್ರಿ ಫ್ಯಾರನ್‌ಹೀಟ್, ಸೆಪ್ಟೆಂಬರ್ 76.9. ಜೂನ್ ಬಿಸಿ ಜಾಸ್ತಿ, ಓಝೋನ್ ಮಾತ್ರ ಕಡಿಮೆ. ನೆಲಮಟ್ಟದ ಓಝೋನ್ ಹುಟ್ಟುವುದೇ ಬಿಸಿಲಿನಲ್ಲಿ ಹೊಗೆಯ ಅನಿಲಗಳು ಬೆರೆತು. ಹಾಗಾದರೆ ಬಿಸಿಗೂ ಓಝೋನ್‌ಗೂ ನಂಟು ಹೇಗಿದೆ ಎಂದು ಕಣ್ಣಾರೆ ನೋಡಬೇಕು. ಚಿತ್ರದ ಸಮಯ.

ಜಿಜಿಪ್ಲಾಟ್2ನ ಹಿಂದೆ ಒಂದು ಒಳ್ಳೆಯ ಯೋಚನೆ ಇದೆ. ಲೀಲೆಂಡ್ ವಿಲ್ಕಿನ್ಸನ್ ಎಂಬ ಸಂಖ್ಯಾಶಾಸ್ತ್ರಜ್ಞ 1999ರಲ್ಲಿ ಗ್ರಾಫ್‌ಗಳಿಗೂ ವ್ಯಾಕರಣ ಇದೆ ಎಂದು ವಿವರವಾಗಿ ಬರೆದರು. ಅದನ್ನು ಆರ್‌ಗೆ ತಂದವರು ಹ್ಯಾಡ್ಲಿ ವಿಕ್‌ಹ್ಯಾಮ್. ಬಾರ್ ಚಾರ್ಟ್, ಲೈನ್ ಚಾರ್ಟ್ ಎಂದು ರೆಡಿ ಅಚ್ಚುಗಳನ್ನು ಆರಿಸುವುದಿಲ್ಲ ಇಲ್ಲಿ. ಮೂರು ಮಾತು ಹೇಳುತ್ತೇವೆ. ಯಾವ ಟೇಬಲ್? ಯಾವ ಕಾಲಂ ಚಿತ್ರದ ಯಾವ ಗುಣವಾಗಬೇಕು, ಅಂದರೆ ಯಾವುದು ಅಡ್ಡ ಅಕ್ಷಕ್ಕೆ, ಯಾವುದು ಉದ್ದ ಅಕ್ಷಕ್ಕೆ, ಯಾವುದು ಬಣ್ಣಕ್ಕೆ? ಕೊನೆಗೆ, ಯಾವ ಆಕಾರದಲ್ಲಿ ಬರೆಯಬೇಕು, ಚುಕ್ಕಿಯಾ, ಗೆರೆಯಾ, ಬಾರಾ? ಒಂದರ ಮೇಲೆ ಒಂದು ಪದರ ಹಾಕುತ್ತಾ ಹೋಗಬಹುದು. ಚುಕ್ಕಿ ಹಾಕಿ, ಅದರ ಮೇಲೆ ಗೆರೆ ಹಾಕಿ.

ಪದರ ಸೇರಿಸುವುದು + ಚಿಹ್ನೆಯಿಂದ, ಪೈಪಿನಿಂದ ಅಲ್ಲ. ಜಿಜಿಪ್ಲಾಟ್2 ಬಂದಿದ್ದು 2007ರಲ್ಲಿ, ಆಗ ಆರ್ ಲೋಕದಲ್ಲಿ ಪೈಪಿನ ಬಳಕೆಯೇ ಇರಲಿಲ್ಲ. ಈ ಎರಡು ಚಿಹ್ನೆ ಅದಲುಬದಲು ಮಾಡದೆ ಕಲಿತವರು ಯಾರೂ ಇಲ್ಲ. + ಅನ್ನು ಸಾಲಿನ ಕೊನೆಗೆ ಇಡಿ. ಮುಂದಿನ ಸಾಲಿನ ಶುರುವಿಗೆ ಇಟ್ಟರೆ ಆರ್ ಹಿಂದಿನ ಸಾಲಿಗೇ ಮಾತು ಮುಗಿಯಿತು ಎಂದುಕೊಳ್ಳುತ್ತದೆ.

ಅಡ್ಡಕ್ಕೆ ತಾಪಮಾನ, ಉದ್ದಕ್ಕೆ ಓಝೋನ್, ಆಕಾರ ಚುಕ್ಕಿ. ಚಿತ್ರ ಬಂದ ಕೂಡಲೇ ಒಂದು ಮಾತು ಕಾಣುತ್ತದೆ. 80 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ, ಅಂದರೆ ಸುಮಾರು 27 ಸೆಲ್ಸಿಯಸ್‌ವರೆಗೆ, ಹೆಚ್ಚುಕಡಿಮೆ ಎಲ್ಲ ಚುಕ್ಕಿಗಳೂ ನೆಲ ಕಚ್ಚಿ ಕೂತಿವೆ. ಅಲ್ಲಿಂದಾಚೆ ಮೇಲಕ್ಕೇಳುತ್ತವೆ. ಈ ಎರಡು ಕಾಲಂಗಳ ನಂಟನ್ನು ಒಂದೇ ಅಂಕಿಯಲ್ಲಿ ಹೇಳುವ ಸಹಸಂಬಂಧ ಇಲ್ಲಿ ಸುಮಾರು 0.70. ಆದರೆ ಈ ತಿರುವು ಎಲ್ಲಿದೆ ಎಂಬುದನ್ನು ಆ 0.70 ಹೇಳುವುದಿಲ್ಲ.

ಎರಡು ಚುಕ್ಕಿ ಗುಂಪಿನಿಂದ ಎದ್ದು ದೂರ ನಿಂತಿವೆ. ಒಂದು 79 ಡಿಗ್ರಿಯಲ್ಲೇ 115 ಮುಟ್ಟಿದೆ, ಮೇ 30. ಇನ್ನೊಂದು 81 ಡಿಗ್ರಿಯಲ್ಲಿ 168, ಆಗಸ್ಟ್ 25. ಇವು ತಪ್ಪು ಅಂಕಿ ಎಂದು ಅಳಿಸಿಬಿಡುವ ಆಸೆಯಾಗುತ್ತದೆ. ಅಳಿಸಬೇಡಿ, ಗಾಳಿಯ ವೇಗದ ಕಾಲಂ ಅನ್ನು ಬಣ್ಣಕ್ಕೆ ಕೊಡಿ. ಮೇ 30ರಂದು ಗಾಳಿ ಗಂಟೆಗೆ 5.7 ಮೈಲಿ, ಆಗಸ್ಟ್ 25ರಂದು 3.4. ಇಡೀ ಟೇಬಲ್ಲಿನ ಸರಾಸರಿ ಸುಮಾರು 10. ಗಾಳಿ ಬೀಸದ ದಿನ ಹೊಗೆ ಅಲ್ಲೇ ನಿಲ್ಲುತ್ತದೆ. ಎರಡು ಕಾಲಂ ನೋಡಿದಾಗ ವಿಚಿತ್ರವಾಗಿದ್ದ ಚುಕ್ಕಿ ಮೂರನೇ ಕಾಲಂ ಸೇರಿಸಿದ ಮೇಲೆ ಸಹಜವಾಯಿತು.

ಬಣ್ಣದ ವಿಷಯದಲ್ಲಿ ಎಲ್ಲರೂ ಬೀಳುವ ಗುಂಡಿಗಳು ಎರಡು. ಚುಕ್ಕಿಗಳು ನೀಲಿಯಾಗಲಿ ಎಂದು ಕಾಲಂ ಹೆಸರು ಬರೆಯುವ ಜಾಗದೊಳಗೆ "ನೀಲಿ" ಎಂದು ಬರೆದರೆ ಚುಕ್ಕಿಗಳೆಲ್ಲ ತಿಳಿಗೆಂಪಾಗುತ್ತವೆ, ಪಕ್ಕದಲ್ಲಿ "ನೀಲಿ" ಎಂಬ ಪಟ್ಟಿ ಬೇರೆ! ಆರ್ ಅದನ್ನು ಬಣ್ಣ ಎಂದುಕೊಳ್ಳಲಿಲ್ಲ, ಒಂದು ಗುಂಪಿನ ಹೆಸರು ಎಂದುಕೊಂಡು ತನ್ನ ಪಟ್ಟಿಯ ಮೊದಲ ಬಣ್ಣ ಬಳಿಯಿತು. ಇನ್ನೊಂದು ಗುಂಡಿ ತಿಂಗಳಿನದು. ಟೇಬಲ್ಲಿನಲ್ಲಿ ತಿಂಗಳು 5, 6, 7 ಎಂದು ಅಂಕಿಯಾಗಿದೆ. ಬಣ್ಣಕ್ಕೆ ಕೊಟ್ಟರೆ ಕಡುನೀಲಿಯಿಂದ ತಿಳಿನೀಲಿಯವರೆಗೆ ಹರಡಿ, ಆರೂವರೆ ತಿಂಗಳು ಎಂಬುದೂ ಒಂದಿದೆಯೇನೋ ಎನ್ನುವಂತೆ ತೋರಿಸುತ್ತದೆ. "ಇದು ಅಂಕಿಯಲ್ಲ, ವರ್ಗ" ಎಂದು ಹೇಳಲು ಫ್ಯಾಕ್ಟರ್ ಮಾಡಬೇಕು. ಆಗ ಐದು ತಿಂಗಳಿಗೆ ಐದು ಬೇರೆ ಬೇರೆ ಬಣ್ಣ.

ಫ್ಯಾಕ್ಟರನ್ನು ವಾಪಸ್ ಅಂಕಿ ಮಾಡುವಾಗ ಮಾತ್ರ ಹುಷಾರು. ಆರ್ ಒಳಗೊಳಗೇ ಪ್ರತಿ ವರ್ಗಕ್ಕೂ 1, 2, 3 ಎಂದು ಕ್ರಮಸಂಖ್ಯೆ ಕೊಟ್ಟಿರುತ್ತದೆ. ನೇರವಾಗಿ ಅಂಕಿ ಮಾಡು ಎಂದರೆ 5, 6, 7 ಬದಲು ಆ ಕ್ರಮಸಂಖ್ಯೆ ಕೊಡುತ್ತದೆ, ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಮೊದಲು ಅಕ್ಷರವಾಗಿ ಮಾಡಿ, ಆಮೇಲೆ ಅಂಕಿ ಮಾಡಬೇಕು.

ಟೇಬಲ್ಲಿನ ಆಕಾರದ ಬಗ್ಗೆ ಒಂದು ಮಾತು. ಓಝೋನ್, ಬಿಸಿಲು, ಗಾಳಿ, ತಾಪಮಾನ ನಾಲ್ಕನ್ನೂ ನಾಲ್ಕು ಚೌಕದಲ್ಲಿ ಒಂದೇ ಚಿತ್ರವಾಗಿ ನೋಡಬೇಕು ಎನ್ನಿ. ಚೌಕಗಳಾಗಿ ಒಡೆಯುವ ಫ್ಯಾಸೆಟ್ ಒಂದು ಕಾಲಂ ಕೇಳುತ್ತದೆ. ನಮ್ಮ ಹತ್ತಿರ ಇರುವುದು ನಾಲ್ಕು ಕಾಲಂ. ಆಗ ಟೈಡಿಆರ್ ಪ್ಯಾಕೇಜಿನ ಪಿವಟ್ ಲಾಂಗರ್ ಬಳಸಿ ಅಗಲದ ಟೇಬಲನ್ನು ಉದ್ದ ಮಾಡುತ್ತೇವೆ. "ಏನು ಅಳೆದದ್ದು" ಎಂಬುದು ಒಂದು ಕಾಲಂ, "ಎಷ್ಟು" ಎಂಬುದು ಇನ್ನೊಂದು. 153 ಸಾಲು 612 ಆಗುತ್ತದೆ. ಡೇಟಾ ಹೆಚ್ಚಾಗಲಿಲ್ಲ, ಮಡಿಕೆ ಬದಲಾಯಿತು ಅಷ್ಟೇ. ಜಿಜಿಪ್ಲಾಟ್ ಹಟ ಮಾಡುತ್ತಿದ್ದರೆ ಕೋಡ್ ತಿದ್ದುವ ಮೊದಲು ಟೇಬಲ್ಲಿನ ಆಕಾರ ನೋಡಿ. ನನ್ನ ಅನುಭವದಲ್ಲಿ ಹತ್ತಕ್ಕೆ ಏಳು ಸಲ ತೊಂದರೆ ಅಲ್ಲೇ.

ಈಗ ಜೂನ್‌ಗೆ ವಾಪಸ್. ತಿಂಗಳು, ದಿನ ಎರಡನ್ನೂ ಸೇರಿಸಿ ಮ್ಯುಟೇಟ್‌ನಿಂದ ತಾರೀಖಿನ ಕಾಲಂ ಮಾಡಿಕೊಳ್ಳಿ. ಅದನ್ನು ಅಡ್ಡ ಅಕ್ಷಕ್ಕೆ, ಓಝೋನ್ ಉದ್ದ ಅಕ್ಷಕ್ಕೆ, ಆಕಾರ ಗೆರೆ. ಎನ್‌ಎ ಇರುವಲ್ಲಿ ಗೆರೆ ಕಡಿದುಹೋಗುತ್ತದೆ, ಹಾಗಾಗಿ ಒಂದು ದಿನದ ಅಂಕಿಯೂ ಕಳೆದುಹೋಗದಿರಲಿ ಎಂದು ಮೇಲೊಂದು ಪದರ ಚುಕ್ಕಿ ಹಾಕಿ.

ಜೂನ್‌ನ ಮೊದಲ 6 ದಿನ ಖಾಲಿ. 7ರಿಂದ 20ರ ನಡುವೆ ಅಲ್ಲೊಂದು ಇಲ್ಲೊಂದು ಚುಕ್ಕಿ, ಎಲ್ಲ ಸೇರಿ 9. ತಿಂಗಳಲ್ಲೇ ಅತಿ ಬಿಸಿಯಾಗಿದ್ದ 11 ಮತ್ತು 12ರಂದು, 93 ಮತ್ತು 92 ಡಿಗ್ರಿ ಇದ್ದ ದಿನ, ಓಝೋನ್ ಅಂಕಿಯೇ ಇಲ್ಲ. 20ರಂದು 13. ಅಲ್ಲಿಂದ ಮುಂದೆ ತಿಂಗಳ ಕೊನೆಯವರೆಗೆ 10 ದಿನ ಬಿಳಿ ಜಾಗ. ಜುಲೈ 1ರಂದು ಗೆರೆ ಮತ್ತೆ ಶುರುವಾಗುತ್ತದೆ, 135ರಿಂದ.